ಬಡತನ ನೋಡುವ ಶಾಸ್ತ್ರ

ನನಗೊಂದು ಕೆಟ್ಟ ಚಟವಿದೆ. ಯಾರ ಮನೆಗೆ ಹೋದರೂ ಅವರು ತಿಂಡಿ ಕೊಟ್ಟ ಸ್ಟೀಲ್ ತಟ್ಟೆಯ ಮೇಲೆ ಕೆತ್ತಿಸಿದ ಹೆಸರನ್ನು ಓದುತ್ತೇನೆ. ಪಾತ್ರೆ ಅಂಗಡಿಯವನು ಗುಂಯ್ ಎನ್ನುವ ಯಂತ್ರ ಹಿಡಿದು ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಕೊಡುತ್ತಾನಲ್ಲ, ಅದು. ಕೊಟ್ಟವರು ಯಾರು, ಪಡೆದವರು ಯಾರು, ಮದುವೆಗೋ ಗೃಹಪ್ರವೇಶಕ್ಕೋ, ಒಂದು ಸಂಸಾರದ ಅರ್ಧ ಚರಿತ್ರೆ ತಟ್ಟೆಯ ಅಂಚಿನಲ್ಲೇ ಇರುತ್ತದೆ. ಉಪ್ಪಿಟ್ಟು ಆರಿ ತಣ್ಣಗಾದರೂ ಚಿಂತೆಯಿಲ್ಲ, ಅದನ್ನು ಚಮಚೆಯಿಂದ ಒಂದು ಕಡೆ ಸರಿಸಿ ಓದಿದರೇ ನನಗೆ ಸಮಾಧಾನ. “ನೀ ತಿನ್ನಾಕ ಬಂದೀಯೋ, ಓದಾಕ ಬಂದೀಯೋ?” ಎಂದು ನನ್ನ ಗಂಡ ಹತ್ತಾರು ಮನೆಗಳ ಮೆಟ್ಟಿಲಿಳಿಯುತ್ತಾ ಕೇಳಿದ್ದಾರೆ.

ಓದುವ ಚಟ ಹುಟ್ಟಿಕೊಂಡದ್ದು ಓದಿನ ಸಂಬಂಧದಲ್ಲೇ. ಅದನ್ನು ಹೇಳಬೇಕಾದರೆ ನಮ್ಮ ಸಂಘದ ಸುದ್ದಿ ಹೇಳಬೇಕು. ಹೈದರಾಬಾದಿಗೆ ಬಂದು ನೆಲೆಸಿದ ನಮ್ಮ ಉತ್ತರ ಕರ್ನಾಟಕದ ಮಂದಿಗೆ ಒಂದು ಸಂಘವಿದೆ. ಹೆಸರು ಬೇಡ. ಹೇಳಿದರೆ ಮುಂದಿನ ಭಾನುವಾರವೇ ನನಗೊಂದು ಸನ್ಮಾನ ಇಟ್ಟು, ಶಾಲು ಹೊದಿಸಿ, ಬಾಯಿ ಮುಚ್ಚಿಸಿಬಿಡುತ್ತಾರೆ. ನಮ್ಮಲ್ಲಿ ಶಾಲು ಹೊದಿಸುವುದು ಚಳಿಗಲ್ಲ ಎನ್ನುವುದು ನಿಮಗೂ ಗೊತ್ತಿರುವ ವಿಷಯ.

ಈ ಸಂಘ ಕಾಲೇಜಿಗೆ ಹೋಗುವ ಬಡ ಮಕ್ಕಳಿಗೆ ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತದೆ. ಕೊಡಲಿ, ಬಹಳ ಒಳ್ಳೆಯದು. ಆದರೆ ಕೊಡುವ ಮುಂಚೆ ಮಗು ನಿಜಕ್ಕೂ ಬಡವರ ಮಗುವೇ ಎಂದು ಖಾತ್ರಿ ಮಾಡಿಕೊಳ್ಳಬೇಕಲ್ಲ? ಅದಕ್ಕೆಂದು ಸಮಿತಿಯ ಮೂರು ಜನ ಅರ್ಜಿ ಹಾಕಿದವರ ಮನೆಗೆ ಹೋಗುತ್ತಾರೆ. ಹೆಣ್ಣು ನೋಡುವ ಶಾಸ್ತ್ರವನ್ನು ನೀವು ಕಂಡಿದ್ದೀರಿ. ಇದು ಬಡತನ ನೋಡುವ ಶಾಸ್ತ್ರ. ಹಾಗೆಯೇ ಭಾನುವಾರ ಬೆಳಿಗ್ಗೆ ಬರುತ್ತಾರೆ, ಹಾಗೆಯೇ ಚಪ್ಪಲಿ ಸಾಲಾಗಿ ಬಿಡುತ್ತಾರೆ, ಹಾಗೆಯೇ ಹುಡುಗಿಯನ್ನು ಕರೆಸಿ ಎದುರಿಗೆ ನಿಲ್ಲಿಸಿ “ಮುಂದ ಏನ್ ಮಾಡಬೇಕಂತೀಯವಾ?” ಎಂದು ಕೇಳುತ್ತಾರೆ. ಉತ್ತರ ಕೇಳಿಸಿಕೊಳ್ಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ಕಣ್ಣು ಆಗಲೇ ಗೋಡೆ, ಫ್ಯಾನು, ಫ್ರಿಜ್ಜು, ಪರದೆಗಳ ಮೇಲೆ ಓಡಾಡುತ್ತಿರುತ್ತದೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳಿಹೋದರು. ಎಣಿಸುವುದಕ್ಕೆಂದೇ ಒಂದು ಸಮಿತಿ ಮಾಡಬಹುದೆಂದು ಪಾಪ ಅವರಿಗೆ ಹೊಳೆದಿರಲಿಲ್ಲ.

ಈ ಶಾಸ್ತ್ರ ನಮ್ಮ ಮನೆಯಲ್ಲಿ ಎರಡು ಸಲ ನಡೆಯಿತು. ಮೊದಲು ನನ್ನ ಅಕ್ಕ ವಿಜಯಾಳಿಗಾಗಿ, ಆಮೇಲೆ ನನಗಾಗಿ.

ಆಗ ನಾವು ತಾರ್ನಾಕದಲ್ಲಿ ಎರಡು ಕೋಣೆಯ ಒಂದು ಬಾಡಿಗೆ ಪೋರ್ಷನ್‌ನಲ್ಲಿದ್ದೆವು. ಅಪ್ಪ ಅಬಿಡ್ಸಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ದಿನವಿಡೀ ಬೇರೆಯವರ ಹೆಂಡಿರಿಗೆ ಸೀರೆ ಬಿಚ್ಚಿ ತೋರಿಸುವುದು, ಅವರು “ಇನ್ನೊಂದು ಬಣ್ಣ ಇಲ್ಲವೇ?” ಎಂದಾಗ ನಕ್ಕು, ಮತ್ತೆ ಮಡಚಿಡುವುದು. ಮನೆಗೆ ಬಂದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ, ನಮ್ಮ ಹೊದಿಕೆಗಳನ್ನೆಲ್ಲ ಅಂಗಡಿಯ ಮಡಿಕೆಯಲ್ಲೇ ಮಡಚಿಡುತ್ತಿದ್ದರು. ಅಕ್ಕ ಇಂಟರ್, ಅಂದರೆ ನಿಮ್ಮ ಪಿಯುಸಿ, ಮುಗಿಸಿ ಎಂಜಿನಿಯರಿಂಗ್ ಸೀಟು ತಂದಿದ್ದಳು. ಸೀಟಿಗೆ ಬುದ್ಧಿ ಸಾಕಾಗಿತ್ತು, ಶುಲ್ಕಕ್ಕೆ ಬುದ್ಧಿಯನ್ನು ಯಾರೂ ಜಮಾ ಮಾಡಿಕೊಳ್ಳುತ್ತಿರಲಿಲ್ಲ. ಹಾಗಾಗಿ ಸಂಘಕ್ಕೆ ಅರ್ಜಿ ಹೋಯಿತು, ಸಮಿತಿ ಬರುವ ದಿನ ಗೊತ್ತಾಯಿತು.

ಅವ್ವನಿಗೆ ಆ ಸಮಿತಿ ಏನು ನೋಡಲು ಬರುತ್ತಿದೆ ಎನ್ನುವುದೇ ತಲೆಗೆ ಹತ್ತಲಿಲ್ಲ. ಅವಳ ಪಾಲಿಗೆ ನಮ್ಮ ಕಡೆಯ ಮೂವರು ದೊಡ್ಡ ಮನುಷ್ಯರು ನಮ್ಮ ಮನೆಗೆ ಬರುತ್ತಿದ್ದರು, ಅಷ್ಟೇ. ಅಪ್ಪ ಅಂಜುತ್ತಾ “ಬರೇ ಚಾ ಮಾಡಿದ್ರ ಸಾಕಲ್ಲ?” ಎಂದರು.

“ಮನಿಗೆ ಬಂದವರನ್ನ ಬರೇ ಚಾ ಕೊಟ್ಟ ಕಳಸೂದ ಏನ್ರಿ? ನಮ್ಮ ಊರಾಗ ಕಂದಾಯ ಕೇಳಾಕ ಬಂದವರಿಗೂ ಒಂದ್ ರೊಟ್ಟಿ ಹಾಕಿ ಕಳಸತಿದ್ರು” ಎಂದಳು ಅವ್ವ.

ಆಮೇಲೆ ನಡೆದದ್ದು ಸಣ್ಣ ಮದುವೆಯ ತಯಾರಿ. ಪಕ್ಕದ ಪೋರ್ಷನ್ನಿನ ಸುಗುಣಮ್ಮ ಎಂಬ ತೆಲುಗು ಅಜ್ಜಿ ತನ್ನ ಹೆಸರು ಕೆತ್ತಿಸಿದ ನಾಲ್ಕು ಸ್ಟೀಲ್ ತಟ್ಟೆ ಕೊಟ್ಟಳು (ನಾನು ಓದಿದ ಮೊದಲ ತಟ್ಟೆಗಳು ಅವೇ), ಹೂವಿನ ಚಿತ್ರದ ಪಿಂಗಾಣಿ ಕಪ್ಪು ಕೊಟ್ಟಳು, ಕಿಟಕಿಗೆ ಒಂದು ಪರದೆಯನ್ನೂ ಕೊಟ್ಟಳು. ತಾನೇ ಬಂದು ಕಟ್ಟಿಯೂ ಹೋದಳು. ತುಪ್ಪ, ಗೋಡಂಬಿ ಬಂದವು. ಮನೆಯಲ್ಲಿ ಗೋಡಂಬಿ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅಕ್ಕನಿಗೆ ಪ್ರತಿ ತಿಂಗಳೂ ಇಂಥ ಸಮಿತಿ ಬರಲಿ ಎಂದು ದೇವರಿಗೆ ಕೈಮುಗಿದೆ. ನನ್ನ ಬುದ್ಧಿಯ ಮಟ್ಟ ಆಗಲೇ ಅಷ್ಟಿತ್ತು.

ಸಮಿತಿ ಬಂತು, ಕುಳಿತಿತು, ಶಿರಾ ತಿಂದಿತು, ಇನ್ನೊಂದು ಸಲ ಹಾಕಿಸಿಕೊಂಡು ತಿಂದಿತು. “ಏನ್ ರುಚಿ ಐತಿ ತಂಗಿ, ನಮ್ಮ ಊರಿನ ನೆನಪಾತು ನೋಡು” ಎಂದು ಆಗಿನ ಅಧ್ಯಕ್ಷರು ಬಾಯಿ ಒರೆಸಿಕೊಂಡರು. ಅವ್ವ ಆ ಮಾತನ್ನು ಹಿಡಿದುಕೊಂಡು ಹದಿನೈದು ದಿನ ಹಿಗ್ಗಿದಳು. ಹದಿನಾರನೆಯ ದಿನ ಅಪ್ಪ ಸಂಘದ ಕಚೇರಿಗೆ ಹೋದಾಗ ಅಲ್ಲಿಯ ಗುಮಾಸ್ತ ಫೈಲು ತೆರೆದು, ಅನುಕೂಲಸ್ಥ ಕುಟುಂಬ, ನೆರವಿನ ಅಗತ್ಯವಿಲ್ಲ ಎಂದು ಬರೆದದ್ದನ್ನು ತೋರಿಸಿದ. ಅಪ್ಪ ಏನೂ ತಿಳಿಯದೆ ನಿಂತಿದ್ದನ್ನು ಕಂಡು ತಾನೇ ವಿವರಿಸಿದ: “ಶಿರಾದಾಗ ಗೋಡಂಬಿ ಇದ್ದವಂತಲ್ರಿ.”

ಅಕ್ಕ ಕಾಲೇಜಿನ ಶುಲ್ಕದ ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಳು. ಆ ದಿನ ಬಂತು, ಹೋಯಿತು. ಮರುವಾರ ಅವಳು ಬೀದಿಯ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡತೊಡಗಿದಳು. ಒಂದು ವರ್ಷದ ಮಟ್ಟಿಗೆ ಎಂದು ಶುರುವಾದದ್ದು ಇಂದಿಗೂ ನಡೆದಿದೆ. ಮೊದಲ ತಂಡದ ಮಕ್ಕಳ ಮಕ್ಕಳು ಈಗ ಬರುತ್ತಾರೆ.

ಎರಡು ವರ್ಷದ ನಂತರ ನನ್ನ ಸರದಿ ಬಂದಾಗ ಅವ್ವ ಪಾಠ ಕಲಿತಿದ್ದಳು. ಸುಗುಣಮ್ಮ ವಾಪಸ್ ಕೇಳದೆ ಬಿಟ್ಟಿದ್ದ ಪರದೆ ತೆಗೆಸಿದಳು. ಮನೆಯಲ್ಲಿದ್ದ ಒಂದೇ ಒಂದು ಟೇಬಲ್ ಫ್ಯಾನನ್ನು ಸುಗುಣಮ್ಮನ ಮನೆಗೆ ಸಾಗಿಸಿದಳು. ಸಾಮಾನು ಅದೇ ಬಾಗಿಲಿನಿಂದ ಹಿಂದೆ ಇತ್ತ ಬಂದಿತ್ತು, ಈಗ ಅತ್ತ ಹೋಯಿತು. ನನಗೆ ತೋಳಿನ ಹೊಲಿಗೆ ಬಿಟ್ಟ ಚೂಡಿದಾರ ಹಾಕಿಸಿ, ತಲೆಗೆ ಎಣ್ಣೆ ಹಚ್ಚದೆ ನಿಲ್ಲಿಸಿದಳು. ಸಮಿತಿಗೆ ಸಿಕ್ಕಿದ್ದು ಪ್ಲಾಸ್ಟಿಕ್ ಲೋಟದಲ್ಲಿ ನೀರು ಮಾತ್ರ. ಮೇ ತಿಂಗಳ ಸೆಖೆಯಲ್ಲಿ ಮೂವರೂ ಬೆವರು ಒರೆಸಿಕೊಳ್ಳುತ್ತಾ, “ಪಾಪ, ಪಾಪ” ಎನ್ನುತ್ತಾ, ಅತ್ಯಂತ ಅರ್ಹ ಎಂದು ಬರೆದು ಎದ್ದರು. ನನ್ನ ಅಂಕಪಟ್ಟಿಯನ್ನು ಯಾರೂ ಬಿಚ್ಚಿ ಸಹ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು. ಅಕ್ಕನ ಅಂಕಪಟ್ಟಿಯ ಮುಂದೆ ಅದು ಮುಖ ತೋರಿಸುವಂತಿರಲಿಲ್ಲ, ಅದರಲ್ಲಿದ್ದ ಲೆಕ್ಕದ ಅಂಕಗಳೂ ಅಕ್ಕ ಕೂರಿಸಿ ಕಲಿಸಿದ್ದರಿಂದ ಬಂದವು.

ಅವರು ಹೋದ ಮೇಲೆ ಅವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಳು. “ಮನಿಗೆ ಬಂದವರನ್ನ ಬಾಯಿ ಒಣಗಿಸಿ ಕಳಿಸಿದೆ. ನಮ್ಮವ್ವ ಇದ್ದಿದ್ರ ನನ್ನ ಕೂಡ ಮಾತಾಡ್ತಿದ್ದಿಲ್ಲ” ಎಂದಳು. ಬಡತನಕ್ಕೆ ಅವಳು ಎಂದೂ ನಾಚಿದವಳಲ್ಲ. ಆ ದಿನ ನಾಚಿದ್ದನ್ನು ನಾನು ಕಣ್ಣಾರೆ ಕಂಡೆ. ನನಗೆ ಇವತ್ತಿಗೂ ಆ ಮೂವರ ಮೇಲಿನ ಸಿಟ್ಟು ಇಳಿದಿಲ್ಲ.

ಆ ಒಂದು ಸಹಿ ಏನೇನು ಮಾಡಿತು ನೋಡಿ. ನಾನು ಎಂಜಿನಿಯರ್ ಆದೆ, ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಬಾಲ್ಕನಿಯಿರುವ ಮನೆಯಾಯಿತು, ಅವ್ವನ ಮೊಣಕಾಲಿನ ಆಪರೇಷನ್ ನನ್ನ ಆಫೀಸಿನ ಕಾರ್ಡಿನಲ್ಲಿ ಆಯಿತು. ಅಕ್ಕನಿಗೆ ಸಿಗದ ಸಹಿ ಏನು ಮಾಡಿತು ಎನ್ನುವುದಕ್ಕೆ ಇಷ್ಟು ಉದ್ದದ ಪಟ್ಟಿಯಿಲ್ಲ. ಯಾವುದೇ ಅರ್ಜಿಯಲ್ಲಿ ವಿದ್ಯಾರ್ಹತೆ ಎಂಬ ಕಾಲಂ ಬಂದರೆ ಅವಳು ಪೆನ್ನನ್ನು ನನ್ನ ಕೈಗೆ ಕೊಟ್ಟು, “ನೀನ ಬರಿ, ನನ್ನ ಅಕ್ಷರ ಛಲೋ ಇಲ್ಲ” ಎನ್ನುತ್ತಾಳೆ. ಅವಳ ಅಕ್ಷರ ಮುತ್ತಿನ ಹಾಗಿದೆ.

ಸಂಘದವರಿಗೆ ಇದೆಲ್ಲ ಬೇಕಿಲ್ಲ. ಅವರ ವಾರ್ಷಿಕೋತ್ಸವ ನೀವೊಮ್ಮೆ ನೋಡಬೇಕು. ನೆರವು ಪಡೆದ ಮಕ್ಕಳನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ, ಆಳೆತ್ತರದ ರಟ್ಟಿನ ಚೆಕ್ಕಿನ ಹಿಂದೆ ಅವರ ಮುಖ ಮುಚ್ಚಿ ಫೋಟೋ ತೆಗೆಯುತ್ತಾರೆ. ಚೆಕ್ಕಿಗಿಂತ ಉದ್ದನೆಯದು ದಾನಿಗಳ ಭಾಷಣ. ಆಮೇಲೆ ‘ನಮ್ಮ ವಿದ್ಯಾರ್ಥಿಗಳು ಇಂದು ಎಲ್ಲಿದ್ದಾರೆ’ ಎಂಬ ಹೊಳಪು ಕಾಗದದ ಪುಸ್ತಿಕೆ ಹಂಚುತ್ತಾರೆ. ಒಬ್ಬ ಡಾಕ್ಟರ್, ಒಬ್ಬಳು ಬ್ಯಾಂಕ್ ಮ್ಯಾನೇಜರ್, ಮೂರನೆಯ ಪುಟದಲ್ಲಿ ನಾನು. ಮಕ್ಕಳನ್ನು ಹೆತ್ತು, ಹೊತ್ತು, ಅರೆಹೊಟ್ಟೆ ಉಂಡು ಓದಿಸಿದವರು ಹಿಂದಿನ ಕುರ್ಚಿಗಳಲ್ಲಿ ಕುಳಿತಿರುತ್ತಾರೆ. ಅಟ್ಟಿಕ್ಕಿದವಳಿಗಿಂತ ಬೊಟ್ಟಿಕ್ಕಿದವಳೇ ಮೇಲು ಎನ್ನುವುದಕ್ಕೆ ಇಷ್ಟು ಚೆನ್ನಾಗಿ ಮುದ್ರಿಸಿದ ಪುರಾವೆ ಬೇರೆಲ್ಲೂ ಸಿಗಲಿಕ್ಕಿಲ್ಲ. ಬೇಡ ಎನಿಸಿಕೊಂಡ ಮಕ್ಕಳು ಇಂದು ಎಲ್ಲಿದ್ದಾರೆ ಎನ್ನುವ ಪುಸ್ತಿಕೆಯನ್ನು ಮಾತ್ರ ನಾನು ಕಂಡಿಲ್ಲ.

ಇಷ್ಟೆಲ್ಲ ಹೇಳುವ ನಾನು ಆ ಸಮಿತಿಗೆ ಹೇಗೆ ಸೇರಿದೆ ಎಂದು ನೀವು ಕೇಳಬೇಕು, ಕೇಳಿಯೇ ಕೇಳುತ್ತೀರಿ. ಕರೆದರು, ಶಾಲು ಹೊದಿಸಿದರು, ಸೇರಿದೆ. ಒಳಗಿದ್ದುಕೊಂಡು ಸರಿಪಡಿಸುತ್ತೇನೆ ಎಂದು ಗಂಡನಿಗೆ ಹೇಳಿದೆ. ನಾಲ್ಕು ವರ್ಷದಲ್ಲಿ ನಾನು ಸರಿಪಡಿಸಿದ್ದು, ಫೋಟೋಕ್ಕೆ ನಿಲ್ಲುವಾಗ ನನ್ನ ಸೆರಗನ್ನು.

ಹೋದ ತಿಂಗಳು ಬೇಗಂಪೇಟೆ ರೈಲು ನಿಲ್ದಾಣದ ಹಿಂದಿನ ಓಣಿಗೆ ಹೋದೆವು. ಈಗಿನ ಅಧ್ಯಕ್ಷರು, ಖಜಾಂಚಿ, ನಾನು. ಅಧ್ಯಕ್ಷರು ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದವರು, ಪ್ರತಿ ಮನೆಯನ್ನೂ ತಪಾಸಣೆಗೆ ಬಂದ ಮಾಲಿನಂತೆ ನೋಡುತ್ತಾರೆ. ಖಜಾಂಚಿಯವರದು ಸಗಟು ವ್ಯಾಪಾರ. ಹುಡುಗಿಯ ಹೆಸರು ರೇಣುಕಾ, ಫಾರ್ಮಸಿ ಓದಲು ಸೀಟು ಸಿಕ್ಕಿತ್ತು. ನಡುವಿನ ಕೆಲವು ವರ್ಷ ಕಲಬುರಗಿಯಲ್ಲಿ ಅಜ್ಜಿಯ ಹತ್ತಿರ ಶಾಲೆಗೆ ಹೋದವಳು. ಸರ್ಕಾರದ ವಿದ್ಯಾರ್ಥಿವೇತನ ತಪ್ಪಲು ಅಷ್ಟು ಸಾಕಾಯಿತು. ಇಲ್ಲಿಯ ಕಚೇರಿ ‘ನೀನು ಅಲ್ಲಿಯವಳು’ ಎಂದಿತು, ಅಲ್ಲಿಯ ಕಚೇರಿ ‘ನೀನು ಇಲ್ಲಿಯವಳು’ ಎಂದಿತು. ಎರಡು ರಾಜ್ಯಗಳೂ ಸೇರಿ ಒಂದು ಹುಡುಗಿಯನ್ನು ಇಷ್ಟು ಒಮ್ಮತದಿಂದ ಕೈಬಿಟ್ಟದ್ದನ್ನು ಮೆಚ್ಚಬೇಕು. ಶುಲ್ಕ ಕಟ್ಟಲು ಶುಕ್ರವಾರ ಕೊನೆಯ ದಿನ. ನಾವು ಹೋದದ್ದು ಅದರ ಹಿಂದಿನ ಭಾನುವಾರ.

ರೇಣುಕಾಳ ತಂದೆ ಮೊದಲು ಅಂಗಡಿಯೊಂದರಲ್ಲಿ ಕೆಲಸದಲ್ಲಿದ್ದವರು, ಅಂಗಡಿ ಮುಚ್ಚಿದ ಮೇಲೆ ಸಿಕ್ಕ ಕೆಲಸ ಮಾಡುತ್ತಾರೆ. ತಾಯಿ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುತ್ತಾರೆ. ಆಕೆ ನಮ್ಮನ್ನು ಕಂಡದ್ದೇ ತಡ, “ಬರ್ರಿ, ಬರ್ರಿ, ಕೂಡ್ರಿ” ಎಂದು ಒಳಗೆ ಹೋದರು. ಒಳಗಿನಿಂದ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬರುತ್ತಿತ್ತು.

ಶಿರಾ ಬಂತು. ಗೋಡಂಬಿಯೂ ಇತ್ತು, ದ್ರಾಕ್ಷಿಯೂ ಇತ್ತು. ನಾನು ನನ್ನ ಚಟದಂತೆ ಚಮಚೆಯಿಂದ ಸರಿಸಿದೆ. ತೆಲುಗಿನಲ್ಲಿ ‘ವಿ. ಲಕ್ಷ್ಮಿ’ ಎಂದಿತ್ತು. ಆ ಮನೆಯಲ್ಲಿ ಲಕ್ಷ್ಮಿ ಎಂಬುವರು ಯಾರೂ ಇರಲಿಲ್ಲ, ಇದ್ದರೂ ತೆಲುಗಿನಲ್ಲಿ ಇರುತ್ತಿರಲಿಲ್ಲ. ಅಧ್ಯಕ್ಷರು ಎರಡನೆಯ ಸಲ ಹಾಕಿಸಿಕೊಂಡರು. ರೇಣುಕಾ ಬಾಗಿಲ ಹತ್ತಿರ ನಿಂತು ತಾಯಿಯನ್ನೂ ನಮ್ಮ ತಟ್ಟೆಗಳನ್ನೂ ನೋಡುತ್ತಿದ್ದಳು. ಆ ಮಗುವಿಗೆ ತಾಯಿಗಿಂತ ಹೆಚ್ಚು ತಿಳಿದಿತ್ತು. ಅವಳ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ಓಣಿಯ ತುದಿಗೆ ಬಂದು ಆಟೋಗೆ ನಿಂತಾಗ ಖಜಾಂಚಿ ಕಾಗದ ತೆಗೆದರು. “ಇವರಿಗೇನ್ ಕಮ್ಮಿ ಐತ್ರಿ? ಇಷ್ಟ ತುಪ್ಪ ನಮ್ಮ ಮನ್ಯಾಗೂ ಹಾಕಂಗಿಲ್ಲ” ಎಂದರು. ಅಧ್ಯಕ್ಷರು ತಲೆಯಾಡಿಸಿ ಪೆನ್ನು ತೆಗೆದರು.

ನಾನು ಹೇಳಿದೆ: “ಸರ್, ಆ ಪ್ಲೇಟು ಅವರವಲ್ರಿ. ಮ್ಯಾಲ ಬ್ಯಾರೆಯವರ ಹೆಸರೈತಿ. ನಮ್ಮ ಸಲುವಾಗಿ ಕೇಳಿ ತಂದಾರ.”

ಅಧ್ಯಕ್ಷರು ಗಂಭೀರವಾಗಿ ಅಂದರು: “ಹಂಗಂದ್ರ ನಮಗ ಸುಳ್ಳು ತೋರಿಸಿದ್ರು ಅಂದಂಗಾತು. ಇಂಥವರಿಗೆ ಹೆಂಗ ಕೊಡೂದು?”

ನೋಡಿದಿರಾ? ಇದ್ದದ್ದನ್ನು ಮುಚ್ಚಿಟ್ಟರೆ ಮೋಸ, ಇಲ್ಲದ್ದನ್ನು ತಂದು ಬಡಿಸಿದರೂ ಮೋಸ. ಬಡವರು ನಮ್ಮ ಸಮಿತಿಗೆ ಹೇಗೆ ಇದ್ದರೆ ಸರಿಹೋಗುತ್ತದೋ ಹಾಗೆ ಇರಬೇಕು, ಅದೂ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ. ನನಗೆ ಎಲ್ಲಿಂದ ಬಂತೋ ಕಾಣೆ, ಇಷ್ಟು ವರ್ಷದ ಸಿಟ್ಟು ಒಮ್ಮೆಗೇ ಹೊರಬಿತ್ತು.

“ಹಂಗಾರ ನನಗ ಕೊಟ್ಟಿದ್ದೂ ವಾಪಸ್ ತೊಗೋರಿ” ಎಂದೆ. “ನಮ್ಮವ್ವ ಮನ್ಯಾಗಿನ ಫ್ಯಾನ್ ಬಾಜೂ ಮನ್ಯಾಗ ಮುಚ್ಚಿಟ್ಟು, ಹರಕ ಅಂಗಿ ಹಾಕಿಸಿ ನನ್ನ ಆಗಿನ ಸಮಿತಿ ಮುಂದ ನಿಂದ್ರಿಸಿದ್ಲು. ನೀವು ಪುಸ್ತಕದಾಗ ಪ್ರತಿ ವರ್ಷ ಹಾಕ್ತೀರಲ್ಲ, ಆ ಫೋಟೋದಾಗ ಇರಾಕಿ ಸುಳ್ಳು ಹೇಳಿ ಓದಿದಾಕಿ. ಈ ಸಲ ವಾರ್ಷಿಕೋತ್ಸವದಾಗ ಮೈಕ್ ಹಿಡಿದು ಇದನ್ನ ಹೇಳತೀನಿ.”

ಅಷ್ಟರಲ್ಲಿ ಬಂದು ನಿಂತಿದ್ದ ಆಟೋದವನು ಮೀಟರ್ ಬಿಟ್ಟು ನಮ್ಮನ್ನೇ ನೋಡುತ್ತಿದ್ದ. ಖಜಾಂಚಿ ನನಗೆ ನೀರಿನ ಬಾಟಲಿ ಕೊಟ್ಟರು. ಅಧ್ಯಕ್ಷರು ಬಹಳ ಹೊತ್ತು ಮೆಟ್ರೋ ಕಂಬದ ಮೇಲಿನ ಜಾಹೀರಾತನ್ನು ಓದಿದರು. ಕೊನೆಗೆ “ಮೇಡಂ, ಪುಸ್ತಕ ಈಗಾಗ್ಲೆ ಪ್ರೆಸ್ಸಿಗೆ ಹೋಗೈತಿ” ಎಂದು, ಅರ್ಹ ಎಂದು ಬರೆದು ಸಹಿ ಹಾಕಿದರು. ನ್ಯಾಯ ಗೆದ್ದಿತೆಂದು ತಿಳಿಯಬೇಡಿ. ಮೂರನೆಯ ಪುಟ ಗೆದ್ದಿತು. ಹೇಗೋ ಆಗಲಿ, ಗುರುವಾರ ರೇಣುಕಾಳ ಶುಲ್ಕ ಜಮಾ ಆಯಿತು. ಅವಳು ಫೋನ್ ಮಾಡಿ “ಥ್ಯಾಂಕ್ಸ್ ರೀ ಆಂಟಿ” ಎಂದಾಗ ಹಿಂದೆ ಅವಳ ತಾಯಿ, ಇನ್ನೊಮ್ಮೆ ಊಟಕ್ಕೇ ಬರಬೇಕು ಎಂದು ಹೇಳಿಸುತ್ತಿದ್ದರು.

ಅದೇ ಸಂಜೆ ಅಕ್ಕನ ಮನೆಗೆ ಹೋದೆ. ಸುಳ್ಳೇಕೆ, ಬೆನ್ನು ತಟ್ಟಿಸಿಕೊಳ್ಳಲೆಂದೇ ಹೋದೆ. ಅವಳು ಮುಂದಿನ ಕೋಣೆಯಲ್ಲಿ ಮಕ್ಕಳಿಗಾಗಿ ಚಾಪೆ ಹಾಸುತ್ತಿದ್ದಳು. ನಾನು ಆಟೋದವನ ಮುಖದವರೆಗೆ ಎಲ್ಲವನ್ನೂ ಅಭಿನಯಿಸಿ ಹೇಳಿದೆ. ಅವಳು ನಕ್ಕಳು. “ಛಲೋ ಆತು. ಹುಡುಗಿ ಓದತಾಳ” ಎಂದಳು. ಆಮೇಲೆ ಚಾಪೆಯ ಇನ್ನೊಂದು ತುದಿ ಎಳೆಯುತ್ತಾ ಕೇಳಿದಳು:

“ನೀ ಆ ಸಮಿತಿಗೆ ಸೇರಿ ನಾಕು ವರ್ಷ ಆತಲ್ಲ?”

“ಹೂಂ.”

“ಈ ನಾಕು ವರ್ಷದಾಗ ಬ್ಯಾಡ ಅಂತ ಬರಕೊಟ್ಟದ್ದು ಎಷ್ಟ ಮಂದಿಗೆ?”

“ಐದಾರು ಮಂದಿ ಇರಬೇಕು.”

“ಅವರ ಮನ್ಯಾಗೂ ಪ್ಲೇಟಿನ ಮ್ಯಾಲಿನ ಹೆಸರು ಓದಿದ್ದೇನು?”

ಓದಿದ್ದೆ. ಎರಡು ಮನೆಗಳಲ್ಲಿ ಹೆಸರು ಬೇರೆಯವರದಿತ್ತು. ಗೊತ್ತಾಗಿಯೂ ಸುಮ್ಮನೆ ಸಹಿ ಹಾಕಿದ್ದೆ. ಆಗ ನಾನು ಸಮಿತಿಗೆ ಹೊಸಬಳು, ಹಿರಿಯರ ಎದುರು ಮಾತಾಡುವುದು ಚೆನ್ನಾಗಿರುವುದಿಲ್ಲ ಎನಿಸಿತ್ತು. ಇದನ್ನು ಅಕ್ಕನಿಗೆ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ.

“ಈಗ ಏನ್ ಮಾಡಾಕತ್ತಾರ ಆ ಇಬ್ಬರು?”

“ಗೊತ್ತಿಲ್ಲ.”

“ಹೆಸರರ ನೆನಪೈತೇನು?”

ಅದೂ ನೆನಪಿರಲಿಲ್ಲ. ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಒಂದು ಹೇಳಿ ಎದ್ದು ಬರಬಹುದಿತ್ತು. “ಬಿಡು, ನನ್ನ ಹೆಸರೂ ಆಗಿನ ಸಮಿತಿಯವರಿಗೆ ನೆನಪಿರಲಿಕ್ಕಿಲ್ಲ” ಎಂದಳು. ಅಷ್ಟರಲ್ಲಿ ಮಕ್ಕಳು ಬಂದರು, ಅವಳು ಪುಸ್ತಕ ತೆರೆದು ಪಾಠ ಶುರುಮಾಡಿದಳು.

ನಾನು ಮೂಲೆಯ ಕುರ್ಚಿಯಲ್ಲಿ ಕುಳಿತು ಆ ಇಬ್ಬರು ಹುಡುಗಿಯರ ಮುಖಗಳನ್ನಾದರೂ ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಒಂದು ಮನೆಯಲ್ಲಿ ಕೊಟ್ಟದ್ದು ಅವಲಕ್ಕಿ. ಇನ್ನೊಂದರಲ್ಲಿ ಗೋಧಿ ಹುಗ್ಗಿ, ಬಹಳ ಚೆನ್ನಾಗಿತ್ತು.